ನಲವತ್ತೊಂದು ಕಾಲಮ್ಮಿನ ಬಂಗಾರ

ಸುನಿಲಕುಮಾರನಿಗೆ ಮುಪ್ಪು ಬಂದದ್ದು ಒಂದು ಗುರುವಾರ, ಅಂಚೆಯಲ್ಲಿ. ಬುಧವಾರದವರೆಗೆ ಅವನಿಗೆ ಮೂವತ್ತಾರೇ ವರ್ಷವಾಗಿತ್ತು. ಜರ್ಮನಿಯ ಗ್ರೀನ್ ಕಾರ್ಡ್ ಹಿಡಿದು ವೋಲ್ಫ್ಸ್‌ಬುರ್ಗಿಗೆ ಬಂದು, ಹಗಲೆಲ್ಲ ಕಾರು ಕಾರ್ಖಾನೆಗೆ ಸಾಫ್ಟ್‌ವೇರ್ ಬರೆದುಕೊಟ್ಟು, ಸಂಜೆ ಹೆಂಡತಿ ಮಧುಮತಿ ಬಡಿದ ರೊಟ್ಟಿ ತಿಂದು ಆರಾಮಾಗಿದ್ದ. ಆ ಗುರುವಾರ ಪಿಂಚಣಿ ಕಚೇರಿಯಿಂದ ನಾಲ್ಕು ಪುಟದ ಪತ್ರ ಬಂತು. ಅವನಿಗೆ ಅರವತ್ತೈದು ತುಂಬುವ ತಾರೀಖನ್ನು ಅದರಲ್ಲಿ ಮೊದಲೇ ಅಚ್ಚು ಹಾಕಿಸಿ, ಇಲ್ಲಿಯವರೆಗೆ ಕಟ್ಟಿದ್ದಕ್ಕೆ ಆಗ ತಿಂಗಳಿಗೆ ಎಷ್ಟು ಸಿಗಬಹುದು ಎಂದು ತಿಳಿಸಿದ್ದರು. ಸುನಿಲಕುಮಾರ ಆ ಮೊತ್ತವನ್ನು ಯೂರೋದಿಂದ ರೂಪಾಯಿಗೆ, ರೂಪಾಯಿಯಿಂದ ಜೋಳಕ್ಕೆ ಪರಿವರ್ತಿಸಿ ನೋಡಿದ. ಎರಡು ಚೀಲ ಬಂತು.

"ರೊಟ್ಟೀಗೇನ ಕೊರತಿಲ್ಲ," ಎಂದ ದೀನನಾಗಿ. "ಆದರ ಪಲ್ಯಾ?"

"ಪಲ್ಯಾ ನಾ ಹಿತ್ತಲದಾಗ ಬೆಳ್ಕೋತೀನಿ ಬಿಡ್ರಿ," ಎಂದಳು ಮಧುಮತಿ. "ಈಗ ಈ ರೊಟ್ಟಿ ಆರಾಕತ್ತೈತಿ, ಮೊದಲ ಇದನ್ನ ತಿನ್ರಿ. ಮುಪ್ಪು ಎಲ್ಲಿಗೂ ಓಡಿಹೋಗೂದಿಲ್ಲ."

ಆದರೆ ಸುನಿಲಕುಮಾರ ತಾಟು ಸರಿಸಿ ಮತ್ತೆ ಪತ್ರವನ್ನೇ ಹಿಡಿದ. ಗ್ರೀನ್ ಕಾರ್ಡಿನ ಆಯುಷ್ಯವೇ ಐದು ವರ್ಷ, ಅದರಲ್ಲಿ ಎರಡು ಆಗಲೇ ಕಳೆದಿದ್ದವು. ನಾಳೆ ತನ್ನ ಕೈಕಾಲು ಸೋತಾಗ ಮಧುಮತಿ ಯಾರ ಮುಂದೆಯೂ ಕೈ ಚಾಚಬಾರದು ಎನ್ನುವುದೊಂದೇ ಅವನ ಚಿಂತೆ. (ಇದನ್ನು ಅವಳ ಎದುರು ಹೇಳಿದ್ದರೆ ಮುಂದಿನ ಅರ್ಧ ರಗಳೆ ತಪ್ಪುತ್ತಿತ್ತು. ಹೇಳಲಿಲ್ಲ, ಗಂಡಸರು ಇಂಥದ್ದನ್ನು ಹೇಳುವುದಿಲ್ಲ, ಕಂಪ್ಯೂಟರಿನಲ್ಲಿ ತುಂಬುತ್ತಾರೆ.) ಶೇರು ಕೊಳ್ಳೋಣವೆಂದರೆ, ಕಚೇರಿಯಲ್ಲಿ ಪಕ್ಕದ ಮೇಜಿನವನು ಶೇರು ಕೊಂಡು ಈಗ ಮಧ್ಯಾಹ್ನಕ್ಕೆ ಮನೆಯಿಂದ ಒಣ ಬ್ರೆಡ್ಡು ಕಟ್ಟಿಕೊಂಡು ಬರುತ್ತಿದ್ದ. ಉಳಿದದ್ದು ಬಂಗಾರ ಒಂದೇ. ತಿಂಗಳಿಗಿಷ್ಟು ಎಂದು ಕಟ್ಟುತ್ತ ಹೋದರೆ ನಮ್ಮ ಹೆಸರಿನಲ್ಲಿ ಬಂಗಾರ ಕೂಡಿಸುತ್ತ ಹೋಗಿ, ಮುಪ್ಪಿನಲ್ಲಿ ಕೈಗಿಡುವ ಖಾತೆಗಳು ಈ ದೇಶದಲ್ಲಿವೆ ಎಂದು ಅವನಿಗೆ ತಿಳಿಯಿತು. ಯಾರ ಹತ್ತಿರ ಆ ಖಾತೆ ತೆರೆಯುವುದು ಎನ್ನುವುದಷ್ಟೇ ಪ್ರಶ್ನೆ.

ಬೇರೆ ಯಾರಾದರೂ ಆಗಿದ್ದರೆ ನಾಲ್ಕು ಜನರನ್ನು ಕೇಳುತ್ತಿದ್ದರು. ಸುನಿಲಕುಮಾರ ಎಕ್ಸೆಲ್ಲಿನಲ್ಲಿ ಒಂದು ಕೋಷ್ಟಕ ಹಾಕಿದ. ಅದಕ್ಕೆ ನಲವತ್ತೊಂದು ಕಾಲಮ್ಮು. ಸಂಸ್ಥೆಯ ವಯಸ್ಸು, ತಿಜೋರಿಯ ಗೋಡೆಯ ದಪ್ಪ, ವಿಮೆ, ಶುಲ್ಕ, ವಾರದಲ್ಲಿ ಎಷ್ಟು ದಿನ ಬಾಗಿಲು ತೆರೆದಿರುತ್ತದೆ, ಫೋನು ಎಷ್ಟನೆಯ ರಿಂಗಿಗೆ ಎತ್ತುತ್ತಾರೆ, ಹೀಗೆ ಪರಮಾಣುವಿನಷ್ಟು ಸಣ್ಣ ಸಂಗತಿಯೂ ಬಿಟ್ಟುಹೋಗದಂತೆ ಆರು ವಾರ ಅಂಕ ತುಂಬಿದ. ಕೊನೆಗೆ ಆಲ್ಪ್ಸ್ ಪರ್ವತದ ಹೊಟ್ಟೆಯೊಳಗೆ ಗವಿ ಕೊರೆದು ಬಂಗಾರ ಇಡುವ ಒಂದು ಕಂಪನಿಗೆ ನೂರಕ್ಕೆ ತೊಂಬತ್ತೊಂದು ಬಂತು. ಪಕ್ಕದ ಊರಾದ ಬ್ರೌನ್‌ಷ್ವೈಗ್ ಪೇಟೆಯಲ್ಲಿ ಫ್ರೌ (ಅಂದರೆ ಶ್ರೀಮತಿ) ಲಿಂಡೆಮನ್ ಎಂಬ ಮುದುಕಿ ನಡೆಸುತ್ತಿದ್ದ ನಾಣ್ಯದ ಅಂಗಡಿಗೆ ಹದಿನೇಳು. ಆಕೆಗೆ ಬಣ್ಣದ ಕರಪತ್ರ ಇರಲಿಲ್ಲ, ಕಂಪ್ಯೂಟರ್ ಇರಲಿಲ್ಲ, ಲೆಕ್ಕ ಪೆನ್ಸಿಲ್ಲಿನಲ್ಲಿ. ಸಾಲದ್ದಕ್ಕೆ ಪ್ರತಿ ಬುಧವಾರ ಅಂಗಡಿಯ ಬಾಗಿಲು ಹಾಕಿರುತ್ತಿತ್ತು.

ಇಷ್ಟು ಹೊತ್ತಿಗೆ ಅವನ ತಾಯಿ ಗಂಗವ್ವ ಮೂರು ತಿಂಗಳ ವೀಸಾದ ಮೇಲೆ ಗುಳೇದಗುಡ್ಡದಿಂದ ಬಂದಿಳಿದಿದ್ದರು. ದಸರಾ ಇಲ್ಲಿಯೇ ಆಗುತ್ತದೆಂದು ಟ್ರಂಕಿನಲ್ಲಿ ಎರಡು ಬೊಗಸೆ ಬನ್ನಿ ಎಲೆಯನ್ನೂ ಒಣಗಿಸಿ ತಂದಿದ್ದರು. ಮಗನ ಕೋಷ್ಟಕವನ್ನು ಕನ್ನಡಕ ಹಾಕಿಕೊಂಡು ಪೂರ್ತಿ ನೋಡಿದರು.

"ಇಷ್ಟೆಲ್ಲಾ ಬರದೀಯಲ್ಲ, ಬಂಗಾರ ಎಲ್ಲೈತೋ?"

"ಗುಡ್ಡದಾಗ ಇರತೈತಿ ಅವ್ವಾ. ನಮಗ ಕಾಗದಾ ಕೊಡತಾರ."

"ಕಾಗದಾ ಕೊಳ್ಳಾಗ ಕಟಗೋಬೇಕೇನು? ಸುನ್ಯಾ, ನಿನ್ನ ಕೈಯಾಗ ಬಂಗಾರ ನಿಂದರೂದಿಲ್ಲ ಅಂಬೂದು ಊರಿಗೇ ಗೊತ್ತೈತಿ."

ಊರಿನ ಮಾತು ಸುಳ್ಳಾಗಿರಲಿಲ್ಲ. ಮದುವೆಯಲ್ಲಿ ಮಾವ ತೊಡಿಸಿದ ಉಂಗುರವನ್ನು ಸುನಿಲಕುಮಾರ ಮೂರನೆಯ ತಿಂಗಳಿನಲ್ಲೇ ಕೂಡಲಸಂಗಮದ ಹೊಳೆಗೆ ಅರ್ಪಿಸಿದ್ದ. ಮಾವ ಮಾಡಿಸಿಕೊಟ್ಟ ಎರಡನೆಯ ಉಂಗುರ ಹುಬ್ಬಳ್ಳಿ ಬಸ್ಸಿನಲ್ಲಿ ಇಳಿದುಹೋಗಿತ್ತು. ಮೂರನೆಯದನ್ನು ಮಾವ ಮಾಡಿಸಲಿಲ್ಲ.

ಗಂಗವ್ವ ತೀರ್ಪು ಕೊಟ್ಟರು. "ಮೊದಲ ಒಂದು ಬಂಗಾರದ ಚೂರು ಮನೀಗೆ ತರ್ರಿ. ಹಬ್ಬಕ್ಕ ದೇವರ ಮುಂದ ಇಟ್ಟು ಪೂಜಾ ಮಾಡೂಣು. ಅದು ನಿಂತರ ನಿನ್ನ ಖಾತೆ ಮಾಡು, ನಾ ಬ್ಯಾಡನ್ನೂದಿಲ್ಲ. ನಿಲ್ಲಲಿಲ್ಲೋ, ಕೂಡಿಸಿದ ರೊಕ್ಕಾ ಎಲ್ಲಾ ನನ್ನ ಕೂಡ ಊರಿಗೆ. ನಮ್ಮ ಬಾಳಪ್ಪ ಪತ್ತಾರ ಮಧೂನ ಕೈಗೆ ಪಾಟ್ಲಿ ಬಳಿ ಮಾಡಿಕೊಡತಾನ."

ಮಧುಮತಿ ತಲೆಯಾಡಿಸಿದಳು. ಯಾವ ಕಡೆಗೆ ಆಡಿಸಿದಳು ಎಂಬುದು ಸುನಿಲಕುಮಾರನಿಗೆ ತಿಳಿಯಲಿಲ್ಲ.

ಆಲ್ಪ್ಸ್ ಕಂಪನಿಯವರು ಬಂಗಾರವನ್ನು ಕೈಗೆ ಕೊಡುವವರಲ್ಲ. ಹಾಗಾಗಿ ಹಬ್ಬದ ಹಿಂದಿನ ಶನಿವಾರ ಮೂವರೂ ಹದಿನೇಳು ಅಂಕದ ಅಂಗಡಿಗೆ ಹೋಗಬೇಕಾಯಿತು. ಕಾಲು ಔನ್ಸಿನ ಒಂದು ನಾಣ್ಯ, ಅಂದರೆ ನಮ್ಮ ಲೆಕ್ಕದಲ್ಲಿ ಎಂಟು ಗ್ರಾಮಿಗೆ ತುಸು ಕಡಿಮೆ. ಗಂಗವ್ವ ನಾಣ್ಯ ನೋಡುವ ಮೊದಲು ಫ್ರೌ ಲಿಂಡೆಮನ್ನರ ಕೊರಳು ನೋಡಿದರು. ಬೋಳು. ಕಿವಿ, ಕೈ, ಎಲ್ಲವೂ ಬೋಳು.

"ಮಧೂ, ಕೇಳವ್ವಾ. ಬಂಗಾರ ಮಾರಾಕಿ ಮೈಮ್ಯಾಲ ಒಂದು ಗುಂಜೀನೂ ಇಲ್ಲ. ಯಾಕಂತ?"

ಸುನಿಲಕುಮಾರ ಕಚೇರಿಯಲ್ಲಿ ಇಂಗ್ಲಿಷಿನಲ್ಲೇ ಕಾಲ ಕಳೆದವನು. ಸಂಜೆ ಶಾಲೆಗೆ ಹೋಗಿ ಜರ್ಮನ್ ಕಲಿತವಳು ಮಧುಮತಿ. ಅವಳು ಕೇಳಿದಳು, ಫ್ರೌ ಲಿಂಡೆಮನ್ ಹೇಳಿದ್ದನ್ನು ಅತ್ತೆಗೆ ತಿಳಿಸಿದಳು: "ನಾ ಹಾಕ್ಕೊಂಡರ ಬಂದವರು ನನ್ನ ಕೊಳ್ಳು ನೋಡತಾರ. ಅವರು ನನ್ನ ತಕ್ಕಡಿ ನೋಡಲಿ, ಅಂತಾರ್ರೀ ಅತ್ತಿ."

ಗಂಗವ್ವನವರಿಗೆ ಆ ಮಾತು ನೇರ ಎದೆಗೆ ಹೋಯಿತು. ಆ ಮುದುಕಿಯ ಹತ್ತಿರವೂ ಖಾತೆ ಉಂಟೆಂದು ಆಮೇಲೆ ತಿಳಿಯಿತು. ಗಿರಾಕಿಗೊಂದು ತಗಡಿನ ಪೆಟ್ಟಿಗೆ, ಅದರ ಮೇಲೆ ಹೆಸರು. ತಿಂಗಳಿಗೊಂದು ನಾಣ್ಯ ಕೊಂಡು ಅದರಲ್ಲಿ ಹಾಕುವುದು, ಬೇಕೆಂದಾಗ ಬಂದು ಕಣ್ಣಾರೆ ನೋಡುವುದು. "ಇದು ಬಾಳಪ್ಪನ ಪದ್ಧತಿನ ಐತಿ, ಮಾಲು ಕಣ್ಣ ಮುಂದ," ಎಂದು ಗಂಗವ್ವ ಅಲ್ಲಿಯೇ ಕೈಸನ್ನೆ ಬಾಯಿಸನ್ನೆಯಿಂದ ಅವರನ್ನು ಮಂಗಳವಾರದ ಬನ್ನಿ ಹಬ್ಬಕ್ಕೆ ಕರೆದೂಬಿಟ್ಟರು. ಸುನಿಲಕುಮಾರ ಮಾತ್ರ ತೊಂಬತ್ತೊಂದು ಅಂಕವನ್ನು ಬಿಡಲು ತಯಾರಿರಲಿಲ್ಲ. ವಿಜಯದಶಮಿಯ ಮುಹೂರ್ತಕ್ಕೇ ಸಹಿ ಮಾಡುತ್ತೇನೆಂದು ಆಲ್ಪ್ಸ್ ಕಂಪನಿಯ ಪ್ರತಿನಿಧಿ ಹೆರ್ (ಅಂದರೆ ಶ್ರೀಮಾನ್) ಕೆಸ್ಲರ್ ಅವರನ್ನೂ ಅದೇ ಸಂಜೆಗೆ ಕರೆದ. ಒಂದೇ ಕನ್ಯೆಗೆ ಇಬ್ಬರು ವರರು ಒಂದೇ ದಿನ ಬರುವಂತಾಯಿತು.

ನಮ್ಮ ಕಡೆ ವಿಜಯದಶಮಿಯ ದಿನ ಬನ್ನಿ ಎಲೆಯೇ ಬಂಗಾರ. "ಬನ್ನಿ ತಗೊಂಡು ಬಂಗಾರದಂಗ ಇರೂಣು" ಎಂದು ಒಬ್ಬರಿಗೊಬ್ಬರು ಕೊಟ್ಟು, ಹಳೆಯ ಸಿಟ್ಟು ಮರೆಯುವ ಹಬ್ಬ. ಎರಡು ಬೊಗಸೆ ಬನ್ನಿ ಎಲ್ಲರಿಗೂ ಸಾಲದೆಂದು ಗಂಗವ್ವ ಮನೆಯ ಮುಂದಿನ ರಸ್ತೆಯಿಂದ ಅಂಗೈ ಅಗಲದ ಹಳದಿ ಮೇಪಲ್ ಎಲೆಗಳನ್ನು ಉಡಿ ತುಂಬ ಆರಿಸಿ ತಂದರು. ("ಎಂಥಾ ದೇಶನೋ ಇದು, ಬಂಗಾರ ಹಾದ್ಯಾಗ ಬಿದ್ದೈತಿ, ಕಸಾ ಹೊಡಿಯೋರು ಬಳದು ಒಯ್ಯತಾರ!") ಎಲೆಯೊಳಗೆ ಚಿಟಿಕೆ ಬನ್ನಿ ಇಟ್ಟು, ವೀಳ್ಯದಂತೆ ಮಡಚಿ, ಬಿಳಿ ದಾರ ಸುತ್ತಿ ಹನ್ನೊಂದು ಪುಡಿಕೆ ಕಟ್ಟಿದರು. ಬರುವ ನಾಲ್ಕು ಕನ್ನಡ ಮನೆಗಳ ಗಂಡ ಹೆಂಡಿರಿಗೆ ಎಂಟು, ಇಬ್ಬರು ವರರಿಗೆ ಎರಡು, ದೇವರಿಗೆ ಒಂದು. ಎಲ್ಲವನ್ನೂ ನಾಣ್ಯದ ಜೊತೆ ಒಂದೇ ತಾಟಿನಲ್ಲಿಟ್ಟು ದೇವರ ಮುಂದೆ ಇರಿಸಿ, "ಮಂದಿ ಹೋಗೂ ತನಕ ಈ ತಾಟಿನಿಂದ ಬಂಗಾರ ಎತ್ತಬ್ಯಾಡ್ರಿ" ಎಂದು ಆಜ್ಞೆ ಮಾಡಿದರು.

ನಾಲ್ಕು ಮನೆಯ ಮಂದಿ ಓಡಾಡುವ ಜಾಗದಲ್ಲಿ ತನ್ನ ಭವಿಷ್ಯ ಹಾಗೆ ಬಟ್ಟಬಯಲಾಗಿ ಬಿದ್ದಿರುವುದನ್ನು ನೋಡಿ ಸುನಿಲಕುಮಾರನ ತಲೆ ಓಡಿತು. (ಅದು ಓಡಿದಾಗಲೆಲ್ಲ ಮನೆಗೆ ಖರ್ಚು.) ಯಾರೂ ಇಲ್ಲದಾಗ ಒಂದು ಪುಡಿಕೆ ಬಿಚ್ಚಿ, ನಾಣ್ಯವನ್ನು ಎಲೆಯೊಳಗೆ ಇಟ್ಟು ಮಡಚಿ, ಗುರುತಿಗಾಗಿ ಮಧುಮತಿಯ ಹೊಲಿಗೆ ಡಬ್ಬಿಯ ಕೆಂಪು ದಾರ ಕಟ್ಟಿ, ನಾಣ್ಯವಿದ್ದ ಜಾಗಕ್ಕೆ ಹೂವು ಏರಿಸಿ ಮುಚ್ಚಿದ. ಬಂಗಾರ ತಾಟಿನಲ್ಲೇ ಇತ್ತು, ಆಜ್ಞೆಯ ಉಲ್ಲಂಘನೆ ಇಲ್ಲ. ಗುಟ್ಟು ಇಬ್ಬರಿಗೆ ತಿಳಿದರೆ ಗುಟ್ಟಲ್ಲ ಎಂಬ ನಿಯಮದಂತೆ ಯಾರಿಗೂ ಹೇಳಲಿಲ್ಲ. ಅತಿಥಿಗಳು ಬರತೊಡಗಿದಾಗ ಹೆರ್ ಕೆಸ್ಲರರ ಉದ್ದನೆಯ ಕಾರಿಗೆ ಜಾಗ ತೋರಿಸಲೆಂದು ಕೆಳಗಿಳಿದುಹೋದ.

ಇಪ್ಪತ್ತು ನಿಮಿಷದ ಮೇಲೆ ವರನನ್ನು ಕರೆದುಕೊಂಡು ಮೇಲೆ ಬಂದರೆ ಮನೆ ತುಂಬ ಜನ. ಫ್ರೌ ಲಿಂಡೆಮನ್ ಸೋಫಾದ ಮೇಲೆ ಕುಳಿತು ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತಿದ್ದರು. ತಾಟಿನಲ್ಲಿ ಮೂರೇ ಪುಡಿಕೆ ಉಳಿದಿದ್ದವು. ಮೂರಕ್ಕೂ ಕೆಂಪು ದಾರ.

"ಅವ್ವಾ," ಎಂದ ಸುನಿಲಕುಮಾರ. "ಬಿಳಿ ದಾರ?"

"ನೀ ಒಂದಕ್ಕ ಕೆಂಪ ಕಟ್ಟಿದ್ದೆಲ್ಲ, ಅದನ್ನ ನೋಡಿ ನನಗೂ ಖರೇ ಅನಿಸ್ತು. ಹಬ್ಬಕ್ಕ ಬಿಳಿ ದಾರ ಏನ ಛಂದ? ಎಲ್ಲಾ ಬದಲಿ ಮಾಡಿದೆ. ಹುಡುಗಗ ಇಷ್ಟ ದಿವಸಕ್ಕ ಬುದ್ಧಿ ಬಂತು ಅಂತ ಮಧೂನ ಮುಂದೂ ಹೇಳಿದೆ."

ಮಗನನ್ನು ಹೊಗಳಿದ್ದು ಹತ್ತು ವರ್ಷದಲ್ಲಿ ಅದೇ ಮೊದಲು. ಸುನಿಲಕುಮಾರ ಒಂದು ಪುಡಿಕೆಗೆ ಕೈ ಹಾಕಿ ಹಿಚುಕಿ ನೋಡುವಷ್ಟರಲ್ಲಿ ಕೈಮೇಲೆ ಏಟು ಬಿತ್ತು. "ಏ, ಅದೇನ ಮಾವಿನಹಣ್ಣೇನು? ದೇವರ ಮುಂದಿಟ್ಟ ಬನ್ನಿ ಬಿಚ್ಚಬಾರದು. ಕೊಡು, ಬಂದವರಿಗೆ ಕೊಡು!"

ಮನೆಯ ಯಜಮಾನ ತನ್ನ ಕೈಯಾರೆ ಒಂದನ್ನು ಹೆರ್ ಕೆಸ್ಲರರಿಗೆ, ಒಂದನ್ನು ಫ್ರೌ ಲಿಂಡೆಮನ್ನರಿಗೆ ಕೊಟ್ಟು, "ಬಂಗಾರದಂಗ ಇರೂಣು" ಎಂದ. ಆ ಮಾತನ್ನು ಅಷ್ಟು ದುಃಖದಿಂದ ಯಾರೂ ಹೇಳಿರಲಾರರು.

ಹೆರ್ ಕೆಸ್ಲರ್ ಮೇಜಿನ ಮೇಲೆ ಕಾಗದಪತ್ರ ಹರಡಿ ಗವಿಯ ಬಾಗಿಲಿನ ಚಿತ್ರ ತೋರಿಸಿದರು. ಗಂಗವ್ವ ಸೊಸೆಯ ಬಾಯಿಂದ ಒಂದೇ ಪ್ರಶ್ನೆ ಕೇಳಿಸಿದರು: "ನಿಮ್ಮ ಸ್ವಂತದ್ದು ಈ ಗವ್ಯಾಗ ಎಷ್ಟೈತಿ?" ಹೆರ್ ಕೆಸ್ಲರ್ ಪ್ರಾಮಾಣಿಕರು. ಇದ್ದದ್ದನ್ನೆಲ್ಲ ಮನೆಯ ಮೇಲೆ ಹಾಕಿದ್ದೇನೆ, ಈ ವರ್ಷ ಚಾವಣಿ ಹೊಸದು ಮಾಡಿಸಿದೆ ಎಂದು ನಗುತ್ತ ಹೇಳಿದರು. ಗಂಗವ್ವ ಎದ್ದು ಹೋಗಿ ಹೋಳಿಗೆಯ ತಾಟು ಒಳಗಿಟ್ಟರು. ಬೇರೆ ದಿನವಾಗಿದ್ದರೆ ಸುನಿಲಕುಮಾರ ತನ್ನ ತೊಂಬತ್ತೊಂದು ಅಂಕದ ಪರ ವಾದ ಮಾಡುತ್ತಿದ್ದ. ಅಂದು ಅವನ ಜೀವವೆಲ್ಲ ಹನ್ನೊಂದು ಎಲೆಗಳಲ್ಲಿ ಹಂಚಿಹೋಗಿತ್ತು. ಸಹಿ ಆಮೇಲೆ ಮಾಡುತ್ತೇನೆಂದು ಅವರನ್ನು ಬೀಳ್ಕೊಟ್ಟ.

ಎಲ್ಲರೂ ಹೋದ ಮೇಲೆ ದೇವರ ಪಾಲಿನ ಪುಡಿಕೆಯನ್ನು ಅಡುಗೆಮನೆಗೆ ಒಯ್ದು ಬಿಚ್ಚಿದ. ಎಲೆ ಇತ್ತು, ಬನ್ನಿ ಇತ್ತು. ಹಿಂದೆಯೇ ಬಂದು ನಿಂತ ಮಧುಮತಿಗೆ ಎಲ್ಲವನ್ನೂ ಒಪ್ಪಿಸಿದ.

"ಹೊಳಿ ಆತು, ಬಸ್ಸ ಆತು, ಈಗ ಬನ್ನಿ," ಎಂದು ಅವಳು ಸ್ಟೂಲಿನ ಮೇಲೆ ಕುಳಿತುಬಿಟ್ಟಳು. ನಗುತ್ತಿದ್ದಾಳೋ ಅಳುತ್ತಿದ್ದಾಳೋ ತಿಳಿಯಲಿಲ್ಲ. "ಮದ್ಲ ನಾಕೂ ಮನೀಗೆ ಫೋನ್ ಹಚ್ಚರಿ."

"ಏನಂತ ಕೇಳ್ಲಿ? ಕೊಟ್ಟ ಬಂಗಾರ ವಾಪಸ್ ಕೊಡ್ರಿ ಅಂತ ಕೇಳ್ಲೇನು?"

"ಎಲ್ಯಾಗ ಹುಳಾ ಇರಬಹುದು, ಬಿಚ್ಚಿ ನೋಡ್ರಿ ಅನ್ರಿ."

ನಾಲ್ಕೂ ಮನೆಯವರು ಎಂಟೂ ಪುಡಿಕೆ ಬಿಚ್ಚಿ ನೋಡಿ, ಹುಳ ಇಲ್ಲವೆಂದು ಸಂತೋಷದಿಂದ ತಿಳಿಸಿದರು. ಪ್ರತಿ ಸಲವೂ ಸುನಿಲಕುಮಾರ "ಇಲ್ಲೇನ್ರಿ? ಖರೇನ ಏನೂ ಇಲ್ಲೇನ್ರಿ?" ಎಂದು ಎಷ್ಟು ಬೇಸರದಿಂದ ಕೇಳಿದನೆಂದರೆ, ಒಬ್ಬರು "ಇವ ಯಾಕೋ ಹುಳಾ ಇರಲಿ ಅಂತಾನಲ್ಲ" ಎಂದು ಹೆಂಡತಿಗೆ ಹೇಳಿದ್ದು ಫೋನಿನಲ್ಲೇ ಕೇಳಿಸಿತು. ಉಳಿದವರು ಇಬ್ಬರು ವರರು. ಒಬ್ಬರ ಅಂಗಡಿ ಮುಚ್ಚಿತ್ತು, ಮನೆಯ ನಂಬರು ಗೊತ್ತಿರಲಿಲ್ಲ. ಇನ್ನೊಬ್ಬರು ಮರುದಿನ ಬೆಳಿಗ್ಗೆ ಎಂಟಕ್ಕೆ ಫೋನಿಗೆ ಸಿಕ್ಕರು. ಎಲೆಗಳು ಬಹಳ ಚೆನ್ನಾಗಿದ್ದವು, ಹೋಗುವಾಗ ನಿಮ್ಮ ಕಟ್ಟಡದ ಕೆಳಗೆ ಸರಿಯಾದ ಡಬ್ಬಿಯಲ್ಲಿಯೇ ಹಾಕಿದ್ದೇನೆ, ಚಿಂತೆ ಬೇಡ ಎಂದರು ಹೆರ್ ಕೆಸ್ಲರ್.

ಎಲೆ, ಸಿಪ್ಪೆ, ಅನ್ನದ ಮುಸುರೆಗೆ ಇರುವುದು ಕಂದು ಡಬ್ಬಿ. ಅದನ್ನು ಒಯ್ಯುವ ಲಾರಿ ಬರುವುದು ಬುಧವಾರ ಬೆಳಿಗ್ಗೆ. ಅಂದು ಬುಧವಾರ. ಕಚೇರಿಗೆ ಹೊರಟು ನಿಂತಿದ್ದ ಸುನಿಲಕುಮಾರ ಟೈ ಸಮೇತ ಕೆಳಗೆ ಓಡಿ, ಆಳೆತ್ತರದ ಡಬ್ಬಿಯೊಳಗೆ ತಲೆ ಕೆಳಗಾಗಿ ಸೊಂಟದವರೆಗೆ ಇಳಿದ. ಹೊರಗೆ ಎರಡು ಕಾಲು ಮಾತ್ರ ಕಾಣುತ್ತಿದ್ದಾಗ ಕಟ್ಟಡ ನೋಡಿಕೊಳ್ಳುವ ಹೌಸ್‌ಮೈಸ್ಟರ್ ಬಂದು, ಏನು ಹುಡುಕುತ್ತಿದ್ದೀರಿ ಎಂದು ಕೇಳಿದ.

"ಬಂಗಾರ," ಎಂದಿತು ಡಬ್ಬಿಯೊಳಗಿನ ದನಿ, ತನಗೆ ಬರುವ ಹರಕು ಜರ್ಮನ್ನಿನಲ್ಲಿ.

ಹೌಸ್‌ಮೈಸ್ಟರ್ ಸ್ವಲ್ಪ ಹೊತ್ತು ಯೋಚಿಸಿದ. "ಅದು ತಪ್ಪು ಡಬ್ಬಿ," ಎಂದ ಕಡೆಗೆ. "ಲೋಹ ಹಳದಿ ಡಬ್ಬಿಗೆ."

ಪುಡಿಕೆ ಸಿಕ್ಕಿತು. ಆಲೂಗಡ್ಡೆ ಸಿಪ್ಪೆಯ ಕೆಳಗೆ, ಕೆಂಪು ದಾರದ ಗಂಟು ಕೂಡ ಬಿಚ್ಚದೆ ಇತ್ತು. ಒಳಗೆ ಬರೀ ಬನ್ನಿ. ಸುನಿಲಕುಮಾರ ತಲೆ ಎತ್ತಿ ನೋಡಿದಾಗ ಎರಡನೆಯ ಮಹಡಿಯ ಬಾಲ್ಕನಿಯಲ್ಲಿ ಖಣದ ಕುಪ್ಪಸವೊಂದು ನಿಂತಿತ್ತು.

"ಸುನ್ಯಾ, ಮ್ಯಾಲ ಬಾ," ಎಂದಿತು ಅದು.

ಮೇಲೆ ಹೋಗಿ ಎಲ್ಲವನ್ನೂ ಹೇಳಿದ. ಗಂಗವ್ವ ಬೈಯಲಿಲ್ಲ. ಬೈದಿದ್ದರೆ ಅವನಿಗೆ ಎಷ್ಟೋ ಹಗುರವಾಗುತ್ತಿತ್ತು. "ಮಾತ ಅಂದ್ರ ಮಾತು," ಎಂದರು. "ನಿಂದರಲಿಲ್ಲ. ರೊಕ್ಕ ನನ್ನ ಕೂಡ ಊರಿಗೆ." ಸುನಿಲಕುಮಾರನಿಗೆ ಅಳುವೇ ಬಂತು. ನಾಣ್ಯ ಹೋದದ್ದಕ್ಕಲ್ಲ. ಈ ಮನೆಯ ಮುಪ್ಪಿನ ಭಾರವನ್ನು ತಾನು ಹೊರುತ್ತೇನೆಂದು ಹೊರಟವನಿಗೆ ಒಂದು ಎಲೆಯನ್ನು ಕಾಯಲು ಆಗಲಿಲ್ಲವಲ್ಲ ಎಂದು. "ಮಧೂ, ನಾ ನಿನ್ನ ಸಲುವಾಗಿ ಮಾಡಾಕ ಹೋಗಿದ್ದೆ," ಎಂದ. ಆರು ವಾರದ ಹಿಂದೆ ಹೇಳಬೇಕಾದ ಮಾತು, ತಲೆಯ ಮೇಲೆ ಆಲೂಗಡ್ಡೆ ಸಿಪ್ಪೆ ಇಟ್ಟುಕೊಂಡು ಹೇಳಬೇಕಾಯಿತು.

"ಗೊತ್ತೈತ್ರೀ," ಎಂದು ಮಧುಮತಿ ಸಿಪ್ಪೆ ತೆಗೆದಳು.

ಆಗ ಕರೆಗಂಟೆ ಸದ್ದು ಮಾಡಿತು. ಬಾಗಿಲಲ್ಲಿ ಫ್ರೌ ಲಿಂಡೆಮನ್. ಬುಧವಾರವಲ್ಲವೇ, ಅಂಗಡಿ ರಜೆ, ಬೆಳಗಿನ ರೈಲು ಹಿಡಿದು ಬಂದಿದ್ದರು. ಒಳಗೆ ಬಂದು ಕುಳಿತು, ಚೀಲದಿಂದ ಒಂದು ಲಕೋಟೆಯನ್ನೂ ಕೆಂಪು ದಾರದ ಪುಡಿಕೆಯನ್ನೂ ತೆಗೆದು ಮೇಜಿನ ಮೇಲೆ ಇಟ್ಟರು. ಪುಡಿಕೆಯ ಎಲೆ ಸರಿಸಿದಾಗ ಕಾಲು ಔನ್ಸು ಕಣ್ಣು ಮಿಟುಕಿಸಿತು. ಆಮೇಲೆ ಅವರು ಗಂಭೀರವಾಗಿ ಮಾತಾಡಿದರು. ಮಧುಮತಿ ಕೇಳುತ್ತ ಕೇಳುತ್ತ ಸೆರಗು ಬಾಯಿಗೆ ಒತ್ತಿಕೊಂಡಳು.

"ಏನಂತವ್ವಾ?" ಎಂದರು ಗಂಗವ್ವ.

"ಮೂವತ್ತೆಂಟ ವರ್ಷದಾಗ ಭಾಳ ಮಂದಿ ಮಾಲು ಪಸಂದ ಬರಲಿಲ್ಲಂತ ವಾಪಸ್ ಕೊಟ್ಟಾರಂತ. ಆದರ ಹೋಳಿಗಿ ಉಣಿಸಿ, ಎಲ್ಯಾಗ ಸುತ್ತಿ, ದಾರಾ ಕಟ್ಟಿ, ಇಷ್ಟ ಮರ್ಯಾದಿಲೆ ಯಾರೂ ವಾಪಸ್ ಕೊಟ್ಟಿಲ್ಲಂತ. ನಾಣ್ಯದಾಗ ಏನ ತಪ್ಪ ಕಂಡ್ರಿ ಅಂತ ಕೇಳಾಕತ್ತಾರ್ರೀ ಅತ್ತಿ. ಪೂರಾ ರೊಕ್ಕ ತಂದಾರ."

ಮಧುಮತಿ ನಡೆದದ್ದನ್ನೆಲ್ಲ ಜರ್ಮನ್ನಿನಲ್ಲಿ ವಿವರಿಸಿದಳು. ಕಂದು ಡಬ್ಬಿಯ ಪ್ರಸಂಗ ಬಂದಾಗ ಫ್ರೌ ಲಿಂಡೆಮನ್ ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು. ಲಕೋಟೆಯನ್ನು ಚೀಲಕ್ಕೆ ಹಾಕಿ, ನಾಣ್ಯವನ್ನು ಮೇಜಿನ ಮೇಲೆಯೇ ಬಿಟ್ಟರು.

"ನಮ್ಮ ಬಾಳಪ್ಪನೂ ಉಳಿದ ಬಂಗಾರ ವಾಪಸ್ ಕೊಡತಿದ್ದ," ಎಂದರು ಗಂಗವ್ವ ನಿಧಾನವಾಗಿ. "ಆದರ ಮೂರ ಸರ್ತಿ ಹೇಳಿ ಕಳಿಸಬೇಕಾಗತಿತ್ತು. ಈಕಿ ರೈಲ ಹತ್ತಿ ಬಂದಾಳ. ಮಧೂ, ಲಿಂಡವ್ವಗ ಚಾ ಇಡು. ಬಂಗಾರ ನಿಂತೈತಿ, ಖಾತೆ ಇವತ್ತ ಆಗಲಿ."

ಬೆಳಿಗ್ಗೆ ಎಂಟಕ್ಕೆ ಮುಳುಗಿದ್ದ ಮುಪ್ಪು ಹತ್ತಕ್ಕೆ ಮತ್ತೆ ತೇಲಿತು. ಸುನಿಲಕುಮಾರ ಟೈ ಸರಿಮಾಡಿಕೊಂಡು, ಯಜಮಾನನ ಗತ್ತಿನಿಂದ ಕುರ್ಚಿ ಎಳೆದುಕೊಂಡು ಮುಂದೆ ಬಂದ. ಫ್ರೌ ಲಿಂಡೆಮನ್ ವಾಪಸಾತಿ ಬರೆದುಕೊಳ್ಳಲೆಂದು ತಂದಿದ್ದ ದಪ್ಪ ರಿಜಿಸ್ಟರು ಬಿಡಿಸಿ ಪೆನ್ಸಿಲ್ ಚೂಪು ಮಾಡಿದರು. ಖಾತೆ ಯಾರ ಹೆಸರಿನಲ್ಲಿ ಎಂದು ಬರೆಯುವ ಜಾಗದಲ್ಲಿ ಪೆನ್ಸಿಲ್ಲನ್ನು ನಿಲ್ಲಿಸಿ, ಅವನ ಮುಖ ನೋಡಿದರು, ಕಿವಿಯ ಹಿಂದೆ ಸಿಕ್ಕಿಕೊಂಡಿದ್ದ ಮೇಪಲ್ ಎಲೆಯ ತುಣುಕು ನೋಡಿದರು. ಯಾರನ್ನೂ ಕೇಳದೆ 'ಮಧುಮತಿ' ಎಂದು ಬರೆದರು. ಅದರ ಕೆಳಗೆ ಇನ್ನೂ ಒಂದು ಸಾಲು ಬರೆದು ಎರಡು ಸಲ ಅಡಿಗೆರೆ ಎಳೆದರು.

"ಅದೇನ ಬರದ್ರು?" ಎಂದ ಸುನಿಲಕುಮಾರ.

"ಯಜಮಾನರು ಬಂದರ ನೋಡಾಕ ಕೊಡಬಹುದು, ಕೈಯಾಗ ಕೊಡಬಾರದು ಅಂತ," ಎಂದಳು ಮಧುಮತಿ.

ಬೇಸರಪಟ್ಟುಕೊಳ್ಳಲು ನೋಡಿದ, ಆಗಲಿಲ್ಲ. ಅವನಿಗೆ ಬೇಕಾಗಿದ್ದೂ ಅದೇ ತಾನೇ, ಅವಳ ಮುಪ್ಪು ಅವಳ ಕೈಯಲ್ಲಿ ಭದ್ರವಾಗಿರಲಿ ಎಂಬುದು. ಅವಳು ನಾಣ್ಯವನ್ನು ಕಣ್ಣಿಗೊತ್ತಿಕೊಂಡು ದೇವರ ಮುಂದೆ ಇಟ್ಟಾಗ, ಮೂರು ವರ್ಷದ ಮೇಲೆ ಕಾರ್ಡು ಮುಗಿದರೂ ಏನೂ ಮುಗಿಯುವುದಿಲ್ಲ ಎಂದು ಅವನಿಗೆ ಮೊದಲ ಸಲ ಅನಿಸಿತು.

ಅಂದು ಕಚೇರಿಗೆ ರಜೆ ಹಾಕಿ, ಮಧ್ಯಾಹ್ನ ಕಂಪ್ಯೂಟರ್ ತೆರೆದು ಕೋಷ್ಟಕ ನೋಡುತ್ತ ಕುಳಿತ. ಎಲ್ಲರ ತಿಜೋರಿ, ಎಲ್ಲರ ಗೋಡೆ, ಎಲ್ಲರ ನಿಯತ್ತು ಅಳೆದಾಗಿತ್ತು. ಗಿರಾಕಿಯನ್ನು ಅಳೆಯುವ ಕಾಲಮ್ಮೇ ಇರಲಿಲ್ಲ. ನಲವತ್ತೆರಡನೆಯದನ್ನು ಸೇರಿಸಿ 'ಗಿರಾಕಿ' ಎಂದು ಹೆಸರಿಟ್ಟ. ಬಹಳ ಹೊತ್ತು ಯೋಚಿಸಿ, ದೇವರ ಮೇಲೆ ಭಾರ ಹಾಕಿ, ತನಗೆ ತಾನೇ ಹದಿನೇಳು ಅಂಕ ಕೊಟ್ಟುಕೊಂಡ.

ಚಹಾ ಹಿಡಿದು ಬಂದ ಮಧುಮತಿ ಹೆಗಲ ಮೇಲಿಂದ ಬಗ್ಗಿ ನೋಡಿದಳು.

"ಹದಿನೇಳು ಭಾಳ ಆತ್ರೀ," ಎಂದಳು. "ಮೊದಲಿನ ಒಂದನ್ನ ಅಳಸ್ರಿ."